ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆಯೇ? ಆಟಗಾರರ ಆಯ್ಕೆಯ ಬಗ್ಗೆ ನಾವು ನಂಬಿರುವುದು ಎಷ್ಟು ನಿಜ

“ನಿಮ್ಮ ಮಗ ಹನ್ನೆರಡು ವರ್ಷಕ್ಕೆ ಆಯ್ಕೆಯಾಗದಿದ್ದರೆ ಮುಂದೆ ಅವಕಾಶವೇ ಇಲ್ಲ”, “ಎತ್ತರ ಇದ್ದವರಿಗೆ ಮಾತ್ರ ಭವಿಷ್ಯ”, “ಪ್ರೊ ಕಬಡ್ಡಿ ಟ್ರಯಲ್ಸ್, ಇವತ್ತೇ ಹಣ ಕಟ್ಟಿ ಹೆಸರು ನೋಂದಾಯಿಸಿ”. ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇವುಗಳ ಹಿಂದೆ ಒಂದೇ ನಂಬಿಕೆ ಇದೆ: ಒಳ್ಳೆಯ ಆಟಗಾರ ಚಿಕ್ಕ ವಯಸ್ಸಿನಲ್ಲೇ ಗೊತ್ತಾಗುತ್ತಾನೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯೂ ಅದನ್ನೇ ಹೇಳುತ್ತದೆ. ಆದರೆ ಮಕ್ಕಳ ದೇಹದ ಬೆಳವಣಿಗೆ ಮತ್ತು ದೊಡ್ಡ ತಂಡಗಳ ಅನುಭವ ಹೇಳುವುದೇ ಬೇರೆ.

ದೊಡ್ಡ ತಂಡಗಳಿಂದಲೇ ಶುರು ಮಾಡೋಣ.

ಡ್ರಾಫ್ಟ್ ಎಂದರೇನು? ಹರಾಜಿಗೂ ಅದಕ್ಕೂ ಏನು ವ್ಯತ್ಯಾಸ?

ಡ್ರಾಫ್ಟ್ ಪದ್ಧತಿ ಅಮೆರಿಕದ ಫುಟ್‌ಬಾಲ್‌ನಲ್ಲಿ 1936ರಲ್ಲಿ ಆರಂಭವಾಯಿತು. ಹೊಸ ಆಟಗಾರರ ಪಟ್ಟಿಯಿಂದ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ. ದುರ್ಬಲ ತಂಡವೂ ಸುಧಾರಿಸಲಿ ಎಂಬುದು ಇದರ ಉದ್ದೇಶ. ಭಾರತದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಕೂಡ 2014 ಮತ್ತು 2017ರಲ್ಲಿ ಡ್ರಾಫ್ಟ್ ನಡೆಸಿತ್ತು. ಬೆಂಗಳೂರು ಎಫ್‌ಸಿ ಆ ಲೀಗ್‌ಗೆ ಸೇರಿದ್ದು 2017ರಲ್ಲೇ. ಪ್ರೊ ಕಬಡ್ಡಿಯಲ್ಲಿ ಸರದಿಯ ಬದಲು ಹರಾಜು ಇದೆ. ಜೊತೆಗೆ ಕೆಲವು ಆಟಗಾರರನ್ನು ತಂಡದಲ್ಲೇ ಉಳಿಸಿಕೊಳ್ಳಬಹುದು, ಹೊಸ ಯುವ ಆಟಗಾರರನ್ನು ಪ್ರತ್ಯೇಕ ವಿಭಾಗದಲ್ಲಿ ಸೇರಿಸಿಕೊಳ್ಳಬಹುದು.

ಪದ್ಧತಿ ಯಾವುದಾದರೂ ತಂಡದ ಮುಂದಿರುವ ಪ್ರಶ್ನೆ ಒಂದೇ. ಈಗಲೇ ಗೆಲ್ಲಿಸಬಲ್ಲ ಅನುಭವಿಯ ಮೇಲೆ ಹಣ ಹಾಕಬೇಕೇ, ಮೂರು ವರ್ಷದ ನಂತರ ಬೆಳೆಯಬಹುದಾದ ಹುಡುಗನನ್ನು ಕಾಯಬೇಕೇ?

ತಜ್ಞರ ಕಣ್ಣೂ ತಪ್ಪುತ್ತದೆ

ನಮ್ಮ ಬೆಂಗಳೂರು ಬುಲ್ಸ್ ತಂಡದ ಉದಾಹರಣೆಯನ್ನೇ ನೋಡಿ. 2015ರ ಎರಡನೇ ಸೀಸನ್‌ನಲ್ಲಿ ಹದಿನೆಂಟು ವರ್ಷದ ಪ್ರದೀಪ್ ನರ್ವಾಲ್ ಈ ತಂಡದಲ್ಲಿದ್ದರು. ಆಡಲು ಸಿಕ್ಕಿದ್ದು ಕೆಲವೇ ಪಂದ್ಯ. ಮುಂದಿನ ಸೀಸನ್‌ಗೆ ಅವರು ಪಟ್ನಾ ಪೈರೇಟ್ಸ್ ಸೇರಿದರು. ಪಟ್ನಾ ಸತತ ಮೂರು ಸಲ ಪ್ರಶಸ್ತಿ ಗೆದ್ದಿತು. 2017ರ ಒಂದೇ ಸೀಸನ್‌ನಲ್ಲಿ ಪ್ರದೀಪ್ 369 ರೈಡ್ ಪಾಯಿಂಟ್ ಗಳಿಸಿದರು. 2024ರಲ್ಲಿ ಬುಲ್ಸ್ ಅವರನ್ನು ಹರಾಜಿನಲ್ಲಿ ಮತ್ತೆ ಕೊಂಡಿತು. ಅಷ್ಟರಲ್ಲಿ ಅವರ ಉತ್ತಮ ದಿನಗಳು ಕಳೆದಿದ್ದವು.

ಇದಕ್ಕೆ ವಿರುದ್ಧವಾದ ಕತೆಯೂ ಅದೇ ತಂಡದಲ್ಲಿದೆ. ಪವನ್ ಸೆಹ್ರಾವತ್ 2016ರಲ್ಲಿ ಬುಲ್ಸ್‌ನಲ್ಲೇ ಆಡಲು ಆರಂಭಿಸಿದರು. 2017ರಲ್ಲಿ ಗುಜರಾತ್ ತಂಡಕ್ಕೆ ಹೋದರು, ಅಲ್ಲಿ ಹೆಚ್ಚು ಮಿಂಚಲಿಲ್ಲ. 2018ರಲ್ಲಿ ಬುಲ್ಸ್ ಅವರನ್ನು ವಾಪಸ್ ಕರೆತಂದು ಮುಖ್ಯ ರೈಡರ್ ಜವಾಬ್ದಾರಿ ಕೊಟ್ಟಿತು. ಆ ಸೀಸನ್‌ನಲ್ಲಿ ಪವನ್ 271 ರೈಡ್ ಪಾಯಿಂಟ್ ಗಳಿಸಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಅವರೊಬ್ಬರೇ 22 ಪಾಯಿಂಟ್ ತಂದರು. ಬುಲ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಅಮೆರಿಕದ ಫುಟ್‌ಬಾಲ್‌ನ ಟಾಮ್ ಬ್ರೇಡಿ 2000ದ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮೊದಲು 198 ಜನರನ್ನು ತಂಡಗಳು ಆರಿಸಿಕೊಂಡಿದ್ದವು. ಮುಂದೆ ಅವರು ಏಳು ಸಲ ಸೂಪರ್ ಬೌಲ್ ಗೆದ್ದರು.

ಇವರೆಲ್ಲ ಹದಿನೆಂಟು, ಇಪ್ಪತ್ತು ದಾಟಿದವರು. ವಿಡಿಯೊ, ಅಂಕಿಅಂಶ, ಅನುಭವಿ ಕೋಚ್‌ಗಳು ಎಲ್ಲ ಇದ್ದೂ ಲೆಕ್ಕ ತಪ್ಪುತ್ತದೆ. ಹಾಗಿದ್ದ ಮೇಲೆ ಹನ್ನೆರಡರ ಹುಡುಗನನ್ನು ಒಂದು ಬೆಳಗಿನ ಆಯ್ಕೆಯಲ್ಲಿ ಹೇಗೆ ಅಳೆಯುವುದು?

ಹುಟ್ಟಿದ ತಿಂಗಳ ಆಟ

ಪಾವಗಡ ತಾಲ್ಲೂಕಿನ ತಿರುಮಣಿ ಈಗ ಎಲ್ಲರಿಗೂ ಸೋಲಾರ್ ಪಾರ್ಕ್‌ನಿಂದ ಗೊತ್ತು. ಆದರೆ ಅಲ್ಲಿಯ ಮಕ್ಕಳಿಗೂ ಸಂಜೆಯಾದರೆ ಬೇಕಾಗುವುದು ಒಂದು ಮಣ್ಣಿನ ಅಂಕಣ. ಅಂಥ ಊರಿನ ಶಾಲೆಯಲ್ಲಿ 14 ವರ್ಷದೊಳಗಿನವರ ಕಬಡ್ಡಿ ತಂಡಕ್ಕೆ ಆಯ್ಕೆ ನಡೆಯುತ್ತಿದೆ ಎಂದುಕೊಳ್ಳಿ. ಒಬ್ಬ ಹುಡುಗ ಜನವರಿಯಲ್ಲಿ ಹುಟ್ಟಿದವನು, ಇನ್ನೊಬ್ಬ ಅದೇ ವರ್ಷದ ಡಿಸೆಂಬರ್‌ನಲ್ಲಿ. ಇಬ್ಬರೂ ಒಂದೇ ವಯೋಮಿತಿಗೆ ಸೇರುತ್ತಾರೆ. ಆದರೆ ಮೊದಲನೆಯವನು ಸುಮಾರು ಒಂದು ವರ್ಷ ಹೆಚ್ಚು ಬೆಳೆದಿದ್ದಾನೆ, ಹೆಚ್ಚು ಆಡಿದ್ದಾನೆ. ಅವನು ಎತ್ತರ, ಅವನಿಗೆ ಬಲ. ಆಯ್ಕೆಗಾರರಿಗೆ ಅವನೇ ‘ಪ್ರತಿಭಾವಂತ’ನಾಗಿ ಕಾಣುತ್ತಾನೆ.

ವಿಜ್ಞಾನಿಗಳು ಇದನ್ನು ‘ಸಾಪೇಕ್ಷ ವಯಸ್ಸಿನ ಪರಿಣಾಮ’ ಎನ್ನುತ್ತಾರೆ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಅಲ್ಲಿ ವಯಸ್ಸು ಲೆಕ್ಕ ಹಾಕುವುದು ಜನವರಿ 1ರಿಂದ. ಉನ್ನತ ಮಟ್ಟದ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರಿಗಿಂತ ಎಷ್ಟೋ ಹೆಚ್ಚಿದ್ದರು. ಫುಟ್‌ಬಾಲ್ ಸೇರಿ ಅನೇಕ ಆಟಗಳಲ್ಲಿ ಇದೇ ಕಂಡುಬಂದಿದೆ.

ಮುಂದೇನಾಗುತ್ತದೆ? 1980ರಿಂದ 2007ರವರೆಗೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಕೆನಡಾದ ಆಟಗಾರರನ್ನು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಿಸಿತು. ಒಂದೇ ಮಟ್ಟದ ಕ್ರಮಾಂಕದಲ್ಲಿ ಆಯ್ಕೆಯಾದವರ ಪೈಕಿ ವರ್ಷದ ಕೊನೆಗೆ ಹುಟ್ಟಿದವರೇ ಯಶಸ್ವಿಯಾಗುವ ಸಾಧ್ಯತೆ ಹೆಚ್ಚಿತ್ತು. ಅಂದರೆ ತಂಡಗಳು ವರ್ಷಗಳ ಕಾಲ ಅವರನ್ನು ಅವರ ಯೋಗ್ಯತೆಗಿಂತ ಕಡಿಮೆ ಅಂದಾಜು ಮಾಡಿದ್ದವು.

ಬೇಗ ಬೆಳೆಯುವವರು, ತಡವಾಗಿ ಬೆಳೆಯುವವರು

ಹುಟ್ಟಿದ ತಿಂಗಳಿಗಿಂತ ದೊಡ್ಡ ವ್ಯತ್ಯಾಸ ಪ್ರೌಢಾವಸ್ಥೆಯದು. ಹುಡುಗಿಯರು ಸರಾಸರಿ ಹನ್ನೆರಡರ ಹೊತ್ತಿಗೆ, ಹುಡುಗರು ಹದಿನಾಲ್ಕರ ಹೊತ್ತಿಗೆ ಅತಿ ವೇಗವಾಗಿ ಎತ್ತರವಾಗುತ್ತಾರೆ. ಇದು ಎರಡು ವರ್ಷ ಹಿಂದೆ ಮುಂದೆ ಆಗುವುದೂ ಸಹಜ. ಹಾಗಾಗಿ ಒಂದೇ ತರಗತಿಯ ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬನ ದೇಹ ಹದಿನೈದರಂತೆ, ಇನ್ನೊಬ್ಬನದು ಹನ್ನೊಂದರಂತೆ ಇರಬಹುದು. ಇಬ್ಬರೂ ಆರೋಗ್ಯವಂತರೇ.

ಬೇಗ ಬೆಳೆದವನು ಬಲದಿಂದಲೇ ಗೆಲ್ಲುತ್ತಾನೆ. ಚಿಕ್ಕವನು ಉಳಿಯಬೇಕಾದರೆ ಕಾಲಿನ ಚುರುಕು, ಬೋನಸ್ ಗೆರೆಯ ಲೆಕ್ಕ, ಎದುರಾಳಿಯ ಚಲನೆ ಓದುವುದು ಇವನ್ನೆಲ್ಲ ಕಲಿಯಬೇಕು. ಹದಿನೆಂಟರ ಹೊತ್ತಿಗೆ ಇಬ್ಬರ ದೇಹವೂ ಹತ್ತಿರ ಬರುತ್ತದೆ. ಆಗ ಉಳಿಯುವುದು ಕಲಿತದ್ದು. ಆದರೆ ಹದಿಮೂರಕ್ಕೇ ಕೈಬಿಟ್ಟ ಹುಡುಗ ಅಷ್ಟು ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾನೆ.

ಇದನ್ನು ಅರಿತ ಬೆಲ್ಜಿಯಂ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆಂದೇ ಪ್ರತ್ಯೇಕ ತಂಡ ಕಟ್ಟಿತು. ಇಂಗ್ಲೆಂಡ್‌ನ ಕ್ಲಬ್‌ಗಳು ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ ನೋಡಿದವು.

ವಯಸ್ಸು ಕಡಿಮೆ ತೋರಿಸಿದರೆ ಲಾಭವೇ?

ನಮ್ಮ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ದಿನಾಂಕ. ಅದು ದಾಖಲೆಯಿಲ್ಲದ ಕಾಲದ ಅನಿವಾರ್ಯ. ಈಗ ಆಟಕ್ಕಾಗಿ ಬೇಕೆಂದೇ ವಯಸ್ಸು ಇಳಿಸುವುದು ಬೇರೆ ಮಾತು, ಅದು ಮೋಸ. ಮಣಿಕಟ್ಟಿನ ಮೂಳೆಗಳ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡುವ ಪರೀಕ್ಷೆಗಳಿವೆ. ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂಆರ್‌ಐ ಬಳಸುತ್ತಿದೆ. ನಮ್ಮ ಕ್ರಿಕೆಟ್ ಮಂಡಳಿಯೂ ಕಿರಿಯರಿಗೆ ಮೂಳೆ ಪರೀಕ್ಷೆ ಮಾಡಿಸುತ್ತದೆ. ಸಿಕ್ಕಿಬಿದ್ದರೆ ನಿಷೇಧ. ಸಿಕ್ಕದಿದ್ದರೂ, ಚಿಕ್ಕವರ ಮೇಲೆ ಬಲದಿಂದ ಗೆದ್ದು ಬೆಳೆದ ಹುಡುಗ ಸಮಬಲರ ಎದುರು ಬಂದಾಗ ಕೈಯಲ್ಲಿ ಕೌಶಲ ಇರುವುದಿಲ್ಲ.

ನಮ್ಮ ತಂಡದಲ್ಲಿ ನಮ್ಮವರು ಏಕೆ ಕಡಿಮೆ?

ಬುಲ್ಸ್ ಅಭಿಮಾನಿಗಳ ಹಳೆಯ ದೂರು ಇದು. ಪ್ರದೀಪ್ ಹರಿಯಾಣದವರು. ಲೀಗ್‌ನ ಆಟಗಾರರಲ್ಲಿ ಆ ರಾಜ್ಯದವರೇ ಹೆಚ್ಚು. ಕಾರಣ ರಕ್ತದಲ್ಲಿಲ್ಲ. ಅಲ್ಲಿ ಊರೂರಲ್ಲಿ ಅಭ್ಯಾಸದ ಜಾಗವಿದೆ, ವರ್ಷವಿಡೀ ಆಟವಿದೆ, ಆಡಿದವರಿಗೆ ಪೊಲೀಸ್, ರೈಲ್ವೆ, ಸೇನೆಯಲ್ಲಿ ನೌಕರಿಯ ದಾರಿಯಿದೆ. ಅಂದರೆ ತಡವಾಗಿ ಬೆಳೆಯುವ ಹುಡುಗನೂ ಆಟದಲ್ಲಿ ಉಳಿಯುತ್ತಾನೆ. ಆಯ್ಕೆಯ ದಿನ ಕಣ್ಣು ಚುರುಕಾಗಿದ್ದರೆ ಸಾಲದು, ಆಯ್ಕೆಯಾಗದವರು ಎಷ್ಟು ದಿನ ಆಡುತ್ತಾರೆ ಎಂಬುದೂ ಮುಖ್ಯ.

ಹೆತ್ತವರು, ಶಿಕ್ಷಕರು ಏನು ಮಾಡಬಹುದು?

• ಆಯ್ಕೆ ಪಟ್ಟಿಯಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳು ಬರೆಯಿರಿ. ಎಲ್ಲರೂ ವಯೋಮಿತಿಯ ಮೊದಲ ತಿಂಗಳುಗಳವರೇ ಆಗಿದ್ದರೆ ಇನ್ನೊಮ್ಮೆ ನೋಡಿ.

• ಆಯ್ಕೆಯಾಗದವರನ್ನು ಅಭ್ಯಾಸದಿಂದ ಹೊರಗಿಡಬೇಡಿ. ಮುಂದಿನ ವರ್ಷ ಮತ್ತೆ ಅವಕಾಶ ಕೊಡಿ.

• ಚಿಕ್ಕ ವಯಸ್ಸಿನಲ್ಲಿ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಖೋ ಖೋ, ಓಟ, ಕಬಡ್ಡಿ ಎಲ್ಲ ಆಡಲಿ.

• ಬೆಳೆಯುವ ಮಕ್ಕಳಿಗೆ ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ ನೋವು ಬಂದರೆ ವಿಶ್ರಾಂತಿ ಕೊಡಿ, ವೈದ್ಯರಿಗೆ ತೋರಿಸಿ. “ಸಹಿಸಿಕೋ” ಎನ್ನಬೇಡಿ.

• ಎತ್ತರ ಹೆಚ್ಚಿಸುವ ಪುಡಿಗಳಿಗೆ ಹಣ ಹಾಕಬೇಡಿ. ಆ ದುಡ್ಡಿಗೆ ಮೊಟ್ಟೆ, ಹಾಲು, ಕಾಳು, ಕಡಲೆಕಾಯಿ ತನ್ನಿ. ಚೆನ್ನಾಗಿ ನಿದ್ದೆ ಮಾಡಿಸಿ.

• ಪಾವಗಡ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಅದು ಹಲ್ಲು, ಮೂಳೆ ಎರಡಕ್ಕೂ ಹಾನಿ. ಮಕ್ಕಳಿಗೆ ಶುದ್ಧೀಕರಿಸಿದ ನೀರನ್ನೇ ಕುಡಿಸಿ.

• ಫೋನ್‌ಪೇಗೆ ಹಣ ಹಾಕಿ ಎನ್ನುವ ಟ್ರಯಲ್ಸ್ ಸಂದೇಶ ಬಂದರೆ ಮೊದಲು ತಂಡದ ಅಧಿಕೃತ ಪುಟ ನೋಡಿ, ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿ. ಖಚಿತವಾಗುವವರೆಗೆ ಯಾರಿಗೂ ಕಳಿಸಬೇಡಿ.

ಕೊನೆಯ ಮಾತು

“ಹನ್ನೆರಡಕ್ಕೆ ಆಯ್ಕೆಯಾಗದಿದ್ದರೆ ಮುಗಿಯಿತು” ಎಂಬುದು ತಪ್ಪು. ಆ ವಯಸ್ಸಿನ ಆಯ್ಕೆ ಬಹುಮಟ್ಟಿಗೆ ಯಾರು ಬೇಗ ಬೆಳೆದರು ಎಂಬುದನ್ನು ತೋರಿಸುತ್ತದೆ, ಯಾರು ಚೆನ್ನಾಗಿ ಬೆಳೆಯುತ್ತಾರೆ ಎಂಬುದನ್ನಲ್ಲ. ಕಡಲೆಕಾಯಿ ಬೆಳೆಯುವ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಲಿನ ಎಲೆ ಎಷ್ಟೇ ಹಸಿರಾಗಿದ್ದರೂ ಕಾಯಿ ಕಟ್ಟಿದೆಯೇ ಎಂಬುದು ಗಿಡ ಕಿತ್ತಾಗಲೇ ಗೊತ್ತಾಗುವುದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಪಟ್ಟಿಯಲ್ಲಿ ಹೆಸರಿಲ್ಲವೆಂದು ಸಪ್ಪೆ ಮುಖ ಮಾಡಿ ಕುಳಿತ ಮಗುವಿದ್ದರೆ, ನಾಳೆ ಸಂಜೆಯೂ ಅಂಕಣಕ್ಕೆ ಹೋಗು ಎಂದು ಹೇಳಿ.