ಏರದ ‘ಅಪ್’
ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹತ್ತಿರ, ಚಳಿಗಾಲದ ಒಂದು ಮುಂಜಾನೆ ಚಾ ಕಪ್ಪನ್ನು ಬಾಯಿಗೆ ಹಿಡಿದೊಡನೆ ಚಷ್ಮಾದ ಎರಡೂ ಗಾಜು ಬೆಳ್ಳಗಾದವು. ಇದಕ್ಕೆ ಇಂಗ್ಲಿಷಿನಲ್ಲಿ ‘ಫಾಗ್ ಅಪ್’ ಅನ್ನುತ್ತಾರೆಂದೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಬಿಡಲಿಲ್ಲ: “ಅಪ್ ಅಂದ್ರ ಮ್ಯಾಲ ಅಲ್ಲೇನ್ರೀ ಸರ್? ಇಲ್ಲಿ ಏನು ಏರೇತ್ರಿ?” ಏರಿದ್ದು ಏನೂ ಇಲ್ಲ. ಬಿಸಿ ಹಬೆ ತಣ್ಣನೆಯ ಗಾಜಿಗೆ ತಾಗಿ ಸಣ್ಣ ಸಣ್ಣ ಹನಿಯಾಗಿದೆ, ಅಷ್ಟೇ. ಈ ‘ಅಪ್’ ದಿಕ್ಕು ತೋರಿಸುವುದಿಲ್ಲ, ಪೂರ್ತಿ ಕವಿಯಿತು ಎನ್ನುತ್ತದೆ. ನಾವು ಮಂಜುಗಟ್ಟಿತು, ಹೆಪ್ಪುಗಟ್ಟಿತು ಅನ್ನುವಾಗ ಯಾವ ಹಗ್ಗದಿಂದ ಏನನ್ನು ಕಟ್ಟಿರುತ್ತೇವೆ? ಬಳಕೆಯಲ್ಲಿ ಒಂದು ತೊಡಕುಂಟು: ‘ಫಾಗ್ಡ್ ಅಪ್ ಮೈ ಗ್ಲಾಸಸ್’ ಸರಿ, ‘ಫಾಗ್ಡ್ ಮೈ ಗ್ಲಾಸಸ್ ಅಪ್’ ಕೂಡ ಸರಿ, ‘ದೆಮ್’ ಬಂದರೆ ಮಾತ್ರ ನಡುವೆಯೇ ಕೂರಬೇಕು, ‘ಫಾಗ್ಡ್ ದೆಮ್ ಅಪ್’. ಕಣ್ಣಿಗೆ ಬೇರೆ ಜೋಡಿ. ನೀರು ತುಂಬಿ ಮಂಜಾದರೆ ‘ಮಿಸ್ಟ್ ಓವರ್’, ಬೇಸರದಿಂದ ನೋಟ ಸತ್ತರೆ ‘ಗ್ಲೇಜ್ ಓವರ್’ (ಇದನ್ನು ಮಧ್ಯಾಹ್ನದ ಪಾಠಗಳಲ್ಲಿ ಧಾರಾಳ ಕಂಡಿದ್ದೇನೆ). ಇನ್ನು ನೆನಪೋ ಊರೋ ಮೆಲ್ಲಗೆ ಮಾಸಿದರೆ ‘ಫೇಡ್ ಅವೇ’. ಇಲ್ಲೇ ಪಕ್ಕದಲ್ಲಿ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಕಟ್ಟಿಸತೊಡಗಿದ ನವರಸಪುರವೆಂಬ ನಗರಕ್ಕೆ ಆ ಮಾತು ಒಪ್ಪದು. ಅದು ಮೆಲ್ಲಗೆ ಮಾಸಲಿಲ್ಲ, 1624ರಲ್ಲಿ ಸೇನಾನಿ ಮಲಿಕ್ ಅಂಬರನ ದಾಳಿಗೆ ಒಮ್ಮೆಲೇ ಹಾಳಾಯಿತು. ಚಾ ಮುಗಿಯುವಷ್ಟರಲ್ಲಿ ಹೊರಗಿನ ಮಬ್ಬು ಹರಿದು ಆಕಾಶ ತಿಳಿಯಾಗಿತ್ತು. ಅದು ‘ಕ್ಲಿಯರ್ ಅಪ್’ ಎಂದೆ. “ಮತ್ತ ಅಪ್ ಬಂತಲ್ರೀ!” ಎಂದು ಹುಡುಗಿ ನಕ್ಕಳು.