ಕಸುಬು ಉಳಿಯಲು ಸೂರು ಬೇಕು

ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ವಿರೋಧಿಸಿದ ಕೂಡಲೇ ಸರ್ಕಾರ ಅದನ್ನು ತಡೆಹಿಡಿಯಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಎಂಬ ಅಂಕಿಗಳ ಸುತ್ತಲೇ ಚರ್ಚೆ ಮುಗಿಯಿತು. ಕನ್ನಡಿಗರಿಗೆ ಉದ್ಯೋಗ ಕುರಿತ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ನಾವು ಕೇಳುತ್ತ ಬಂದಿರುವುದು ಕೆಲಸ ಯಾರಿಗೆ ಸಿಗಬೇಕು ಎಂಬುದನ್ನೇ. ಸಿಕ್ಕ ಕೆಲಸದಲ್ಲಿ ನಮ್ಮ ಮಕ್ಕಳು ಎಷ್ಟು ಕಾಲ ನಿಲ್ಲಬಲ್ಲರು ಎಂಬ ಪ್ರಶ್ನೆಗೆ ಅಷ್ಟು ಗಟ್ಟಿ ದನಿ ಬಂದಿಲ್ಲ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಸಣ್ಣ ಮಷಿನ್ ಶಾಪ್ ನೋಡಿ. ಐಟಿಐ ಓದಿ ಹಾಸನದಿಂದಲೋ ಚಿತ್ರದುರ್ಗದಿಂದಲೋ ಬಂದ ಹುಡುಗ ಸಿಎನ್‌ಸಿ ಯಂತ್ರದಲ್ಲಿ ಜಾಬ್ ಕೂರಿಸಿ ಗುಂಡಿ ಒತ್ತುವುದನ್ನು ಬೇಗ ಕಲಿಯುತ್ತಾನೆ. ಆದರೆ ಡ್ರಾಯಿಂಗ್ ಓದಿ ತಾನೇ ಸೆಟ್ಟಿಂಗ್ ಮಾಡಲು, ಮೈಕ್ರೋಮೀಟರ್ ಹಿಡಿದು ಅಳತೆ ಜಾರುತ್ತಿರುವುದನ್ನು ಕಂಡು ಆಫ್‌ಸೆಟ್ ತಿದ್ದಲು, ಸದ್ದಿನಿಂದಲೇ ಟೂಲ್ ಸವೆದಿದೆಯೆಂದು ಹೇಳಲು ವರ್ಷಗಳೇ ಬೇಕು. ಆಪರೇಟರ್ ಸೆಟ್ಟರ್ ಆಗುವ ಈ ನಡುಗಾಲದಲ್ಲೇ ಬದುಕು ಇಕ್ಕಟ್ಟಿಗೆ ಸಿಲುಕುತ್ತದೆ. ಒಬ್ಬನೇ ಇದ್ದಾಗ ಪಿ.ಜಿ.ಯ ಒಂದು ಮಂಚ ಸಾಕಿತ್ತು. ಮದುವೆಯಾದರೆ ಮನೆ ಬೇಕು, ಅದಕ್ಕೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಒಮ್ಮೆಲೇ ಎಣಿಸಬೇಕು. ಓ.ಟಿ. ಸೇರಿಸಿದರೂ ಲೆಕ್ಕ ಕೂಡುವುದಿಲ್ಲ. ಕೊನೆಗೆ ಅವನು ಅಂದಂದಿಗೆ ಕಾಸು ಕಾಣುವ ಡೆಲಿವರಿ ಕೆಲಸ ಹಿಡಿಯುತ್ತಾನೆ, ಇಲ್ಲವೇ ಊರಿಗೆ ಮರಳುತ್ತಾನೆ. ಅರ್ಧ ಕಲಿತ ಕಸುಬು ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳನ್ನು ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು. 1953ರ ಎಚ್‌ಎಂಟಿ, 1954ರ ಬಿಇಎಲ್ ಎರಡೂ ಕಾರ್ಖಾನೆಯ ಜೊತೆಗೇ ಕಾಲೊನಿ, ಶಾಲೆ, ಆಸ್ಪತ್ರೆಗಳನ್ನೂ ಕಟ್ಟಿದವು. ಅಪ್ರೆಂಟಿಸ್‌ಗಳನ್ನು ತಾವೇ ತರಬೇತುಗೊಳಿಸಿದವು. ಎಲ್ಲರಿಗೂ ಕ್ವಾರ್ಟರ್ಸ್ ಸಿಗಲಿಲ್ಲ, ನಿಜ. ಆದರೂ ಒಬ್ಬ ಫಿಟ್ಟರ್ ನಿವೃತ್ತಿಯವರೆಗೆ ನೆಮ್ಮದಿಯಿಂದ ದುಡಿದು, ಕಿರಿಯರ ಕೈ ತಿದ್ದುವುದು ಅಲ್ಲಿ ಸಾಧ್ಯವಾಯಿತು. ಇಂಥ ಕಾರ್ಖಾನೆಗಳಲ್ಲಿ ಪಳಗಿದವರಲ್ಲಿ ಅನೇಕರು ಮುಂದೆ ಸ್ವಂತ ಘಟಕ ತೆರೆದು ಇತರರಿಗೂ ಕೆಲಸ ಕೊಟ್ಟರು.

ಇಂದಿನ ಸಣ್ಣ ಮಾಲೀಕರು ಕಾಲೊನಿ ಕಟ್ಟಲಾರರು. ದೊಡ್ಡ ಕಂಪನಿ ಕೊಡುವ ಪೀಸ್ ದರದಲ್ಲಿ ಸಂಬಳ ಏರಿಸುವುದೂ ಅವರಿಗೆ ಕಷ್ಟವೇ. ‘ಕಲಿಸಿದ ಮೇಲೆ ಬಿಟ್ಟುಹೋಗುತ್ತಾರೆ’ ಎಂಬ ಅವರ ಅಳಲು ಸುಳ್ಳಲ್ಲ. ಆದರೆ ಕಲಿಸುವುದನ್ನು ಬಿಟ್ಟರೆ ನಾಳೆ ನುರಿತ ಕೈಗಳಿಗೆ ಎಲ್ಲರೂ ಪರದಾಡಬೇಕಾಗುತ್ತದೆ. ಆದ್ದರಿಂದ ಈ ಹೊರೆಯಲ್ಲಿ ಸರ್ಕಾರ ಪಾಲು ತೆಗೆದುಕೊಳ್ಳಲೇಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕೈಗಾರಿಕೆಗೆ ಜಮೀನು ಹಂಚುವಾಗ ಕಾರ್ಮಿಕರ ಬಾಡಿಗೆ ಮನೆಗಳಿಗೂ ಅಲ್ಲೇ ಜಾಗ ಮೀಸಲಿಡಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುತ್ತದೆ. ಆ ಮಿತಿ ಇಲ್ಲಿಯೂ ಜಾರಿಗೆ ಬರಲಿ. ಜಿಟಿಟಿಸಿಯಂಥ ತರಬೇತಿ ಕೇಂದ್ರಗಳು ಹಲವು ಜಿಲ್ಲೆಗಳಲ್ಲಿವೆ; ಕಲಿತಲ್ಲೇ ಕೆಲಸ ಸಿಗುವಂತಾಗಲಿ. ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶ, ಶಿವಮೊಗ್ಗದ ಫೌಂಡ್ರಿಗಳು ಬೆಳೆದರೆ ಅಲ್ಲಿನ ಹುಡುಗರು ಬೆಂಗಳೂರಿನ ಬಾಡಿಗೆಗೆ ದುಡಿಯಬೇಕಿಲ್ಲ.

ಮೀಸಲು ಬೇಕೇ ಬೇಡವೇ ಎಂಬ ವಾದ ನಡೆಯಲಿ. ಆದರೆ ಮೀಸಲಿನಿಂದ ಸಿಕ್ಕ ಕೆಲಸವನ್ನೂ ಮನೆ ಬಾಡಿಗೆ ಕಿತ್ತುಕೊಳ್ಳಬಲ್ಲದು. ಉದ್ಯೋಗ ನೀತಿ ಬರೆಯುವವರು ವಸತಿ ನೀತಿಯನ್ನೂ ಅದೇ ಕಡತದಲ್ಲಿ ಬರೆಯಬೇಕು.