ಒಳಗೆ ಹೋಗಿ ಅಂತಾರೆ, ಯಾವ ಒಳಗೆ?

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅಂದರೆ ಸಾಕು, ನೆರೆದ ಜನವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. 2025ರ ಮೇ 7ರಂದು ಕೇಂದ್ರ ಸರಕಾರವೂ ದೇಶಕ್ಕೆ ಒಂದು ‘ಸದ್ದಲೇ’ ಹೇಳಿತು. 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ವಿಮಾನ ದಾಳಿಯ ತಾಲೀಮು. ಸೈರನ್ ಕೂಗಿದರೆ ಒಳಗೆ ಹೋಗಿ, ದೀಪ ಆರಿಸಿ, ಕಿಟಕಿಯಿಂದ ದೂರ ನಿಲ್ಲಿ. ನಮ್ಮ ರಾಜ್ಯದಿಂದ ಬೆಂಗಳೂರು, ಕಾರವಾರ, ರಾಯಚೂರು ಪಟ್ಟಿಯಲ್ಲಿದ್ದವು. ಹೂವಿನಹಡಗಲಿ ಇರಲಿಲ್ಲ. ನಮ್ಮ ಮಲ್ಲಿಗೆ ತೋಟಕ್ಕೆ ಬಾಂಬು ಹಾಕುವ ಹುಚ್ಚ ಯಾರಿದ್ದಾನೆ ಅಂತ ನಕ್ಕು ಸುಮ್ಮನಾಗಬಹುದಿತ್ತು.

ನಮ್ಮ ಕೇರಿಯ ಮುದುಕಿಯೊಬ್ಬಳು ಸುಮ್ಮನಾಗಲು ಬಿಡಲಿಲ್ಲ. ‘ಒಳಗ ಹೋಗ್ರಿ ಅಂತಾರಂತಲ್ಲೋ ತಮ್ಮಾ, ನನ್ನ ಮಗ ಬೆಂಗಳೂರಾಗ ತಗಡಿನ ಶೆಡ್ಡಿನ್ಯಾಗ ಅದಾನ. ಅವ ಯಾವ ಒಳಗ ಹೋಗ್ಬೇಕು?’

ಡಿಗ್ರಿ ಓದಿದ ನಾವು ತಲೆ ತಗ್ಗಿಸಿದೆವು.

ಗೆಳೆಯರೆ, ‘ಒಳಗೆ’ ಅನ್ನುವ ಮಾತು ನಮಗೆ ಹಗುರವಲ್ಲ. ಗುಡಿಯ ಒಳಗೆ ಬರಬೇಡ, ಮನೆಯ ಒಳಗೆ ಬರಬೇಡ, ಚಾದಂಗಡಿಯ ಒಳಗೆ ಬರಬೇಡ ಅನ್ನಿಸಿಕೊಂಡೇ ನಮ್ಮ ಅಜ್ಜ ಮುತ್ತಜ್ಜರು ಮಣ್ಣಾದರು. ಊರ ಹೊರಗೆ ಕೇರಿ ಇಟ್ಟ ಈ ವ್ಯವಸ್ಥೆ, ಬಾಂಬು ಬೀಳುವ ದಿನ ಮಾತ್ರ ಎಲ್ಲರಿಗೂ ಒಂದೇ ಅಪ್ಪಣೆ ಕೊಡುತ್ತದೆ. ಅಪ್ಪಣೆ ಸಮಾನ. ಗೋಡೆ ಸಮಾನವಲ್ಲ.

ತಾಲೀಮನ್ನು ನಾವು ಗೇಲಿ ಮಾಡುತ್ತಿಲ್ಲ. ಅದೇ ಮೇ 7ರಂದು ಪೂಂಚ್‌ನಲ್ಲಿ ಶೆಲ್ ಬಿದ್ದು ಸತ್ತವರು ಸಾಮಾನ್ಯ ಜನ. ಜನರನ್ನು ಕಾಪಾಡಲು ಸರಕಾರ ತಯಾರಾಗಲೇಬೇಕು. ನಮ್ಮ ಪ್ರಶ್ನೆ ಇಷ್ಟೆ: ಆ ತಯಾರಿಯ ಲೆಕ್ಕದಲ್ಲಿ ‘ಜನ’ ಅಂದರೆ ಯಾರು?

ಹಿಂದಿನ ಲೆಕ್ಕ ನೋಡೋಣ. 1942ರಲ್ಲಿ ನಮ್ಮ ಹಡಗಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷದ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಇದೇ ಪ್ರಾಂತ್ಯದ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಅಗತ್ಯವಿಲ್ಲದವರು ಮದರಾಸು ಪಟ್ಟಣ ಬಿಡಿ ಎಂದು ಸರಕಾರ ಹೇಳಿತು. ಕಚೇರಿಗಳೇ ಗಂಟುಮೂಟೆ ಕಟ್ಟಿ ಒಳನಾಡಿಗೆ ಹೋದವು. ಒಳನಾಡಿನಲ್ಲಿ ಮನೆ, ಜಮೀನು, ನೆಂಟರು ಇದ್ದವರಿಗೆ ರೈಲು ಹತ್ತುವುದು ಕಷ್ಟವೇ? ಕೂಲಿ ನಂಬಿದವನು ರೈಲು ಹತ್ತಿ ಎಲ್ಲಿಗೆ ಇಳಿಯಬೇಕು?

ಬಂಗಾಳದಲ್ಲಿ ಇನ್ನೂ ಘೋರ. ಶತ್ರು ಬಂದರೆ ಅವನಿಗೆ ಏನೂ ಸಿಗಬಾರದು ಅಂತ ಬ್ರಿಟಿಷರು 1942ರಲ್ಲಿ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಸಾಗಿಸಿದರು. ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಸಾವಿರಗಟ್ಟಲೆ ಕಿತ್ತುಕೊಂಡರು, ಒಡೆದರು. ಮೀನುಗಾರನ ಹೊಟ್ಟೆಯೇ ಒಡೆಯಿತು. ಕಲ್ಕತ್ತದ ಯುದ್ಧ ಕಾರ್ಖಾನೆಗಳಿಗೆ, ಕಚೇರಿಗಳಿಗೆ ಮೊದಲು ಅಕ್ಕಿ. ಹಳ್ಳಿಗೆ ಗಂಜಿಯೂ ಇಲ್ಲ. 1943ರ ಆ ಬರಕ್ಕೆ ಕಾರಣಗಳು ಹಲವು, ಇದೂ ಒಂದು. ಸತ್ತವರು 15 ಲಕ್ಷ ಅಂತ ಸರಕಾರಿ ಆಯೋಗ ಬರೆಯಿತು. 30 ಲಕ್ಷದವರೆಗೆ ಅಂತ ಆಮೇಲಿನವರ ಲೆಕ್ಕ. ಕಲ್ಕತ್ತದ ಮೇಲೆ ಬಿದ್ದ ಬಾಂಬುಗಳು ಕೊಂದದ್ದು ಇದರ ಮುಂದೆ ಎಷ್ಟು? ಬಾಂಬಿಗಿಂತ ಮೊದಲು ತಯಾರಿಯೇ ಬಡವನ ಮೇಲೆ ಬಿತ್ತು.

ಕೆಲವರಿಗೆ ‘ಊರು ಬಿಡಿ’ ಅಂದ ಸರಕಾರ ಕೆಲವರಿಗೆ ‘ಕದಲಬೇಡಿ’ ಅಂದಿತ್ತು. 1941ರ ಅಗತ್ಯ ಸೇವೆಗಳ ಸುಗ್ರೀವಾಜ್ಞೆ ಅಂತಹದು. ಸೇವೆ ಅಗತ್ಯ ಎಂದು ಸಾರಿದ ಮೇಲೆ ಕೆಲಸಗಾರ ಕೆಲಸ ಬಿಟ್ಟು ಹೋಗುವಂತಿಲ್ಲ. ಇಂಥ ಕಾನೂನು ಯಾರ ಕೊರಳಿಗೆ ಬೀಳುತ್ತದೆ ಅನ್ನುವುದು 1947ರಲ್ಲಿ ಇನ್ನೂ ಸ್ಪಷ್ಟವಾಯಿತು. ದೇಶ ಒಡೆದಾಗ ಪಾಕಿಸ್ತಾನ ಸರಕಾರ ಕಸ ಹೊಡೆಯುವ, ಮಲ ಎತ್ತುವ ದಲಿತರನ್ನು ‘ಅಗತ್ಯ ಸೇವೆ’ ಎಂದು ಹೆಸರಿಟ್ಟು ಹಿಡಿದಿಟ್ಟುಕೊಂಡಿದೆ ಎಂದು ಬಾಬಾಸಾಹೇಬರು ಆ ಡಿಸೆಂಬರಿನಲ್ಲಿ ನೆಹರೂ ಅವರಿಗೆ ಪತ್ರ ಬರೆದರು. ಬೆಂಕಿ ಹತ್ತಿದ ಮನೆಯಲ್ಲೂ ಕಸಬರಿಗೆ ಹಿಡಿದವನಿಗೆ ಬಿಡುಗಡೆ ಇಲ್ಲ!

ಅದು ಹಳೇ ಕತೆ ಅನ್ನುತ್ತೀರಾ? ನಮ್ಮ ದೇಶಕ್ಕೆ 1968ರ ನಾಗರಿಕ ರಕ್ಷಣಾ ಕಾಯ್ದೆ ಇದೆ. ಈ ವ್ಯವಸ್ಥೆಯಲ್ಲಿ 12 ಸೇವೆಗಳು. ವಾರ್ಡನ್, ಬೆಂಕಿ ಆರಿಸುವುದು, ಗಾಯಾಳುಗಳ ಆರೈಕೆ, ಅವಶೇಷದಡಿ ಸಿಕ್ಕವರನ್ನು ಎತ್ತುವುದು, ಹೀಗೆ. ಅವುಗಳಲ್ಲಿ ಒಂದು ಶವ ವಿಲೇವಾರಿ. ಯಾವ ಜಾತಿಯವರು ಮಾಡಬೇಕು ಅಂತ ಕಾಗದದ ಮೇಲೆ ಬರೆದಿಲ್ಲ. ಬರೆಯುವ ಅಗತ್ಯ ಊರಿಗೆ ಎಂದಾದರೂ ಇತ್ತೇ? ಸತ್ತ ದನ ಎತ್ತುವವರು ಯಾರು, ಕುಣಿ ತೋಡುವವರು ಯಾರು ಅಂತ ಯಾವ ಆದೇಶದಲ್ಲಿ ಬರೆದಿತ್ತು?

ಈಗ ಮುದುಕಿಯ ಮಗನ ಕಡೆ ಬರೋಣ. ಮಳೆ ಕೈಕೊಟ್ಟರೆ ನಮ್ಮ ತಾಲೂಕಿನ ಕೇರಿ, ತಾಂಡಾಗಳು ಗುಳೇ ಹೋಗುತ್ತವೆ. ಪಟ್ಟಿಯಲ್ಲಿ ಹಡಗಲಿ ಇಲ್ಲದಿದ್ದರೇನು, ಪಟ್ಟಿಯಲ್ಲಿರುವ ಬೆಂಗಳೂರಿನಲ್ಲಿ ಹಡಗಲಿಯ ಮಕ್ಕಳಿದ್ದಾರೆ. ಮಹಡಿ ಮೇಲೆ ಮಹಡಿ ಏರಿಸುವವರು ಅವರು. ನೆಲಮಾಳಿಗೆಯ ಮಣ್ಣು ಹೊತ್ತವರು ಅವರು. ವಿಮಾನ ಬಂದರೆ ಬಚಾವಾಗಲು ಅದೇ ನೆಲಮಾಳಿಗೆ. ಕಾಮಗಾರಿ ಮುಗಿದು ಮಾಲೀಕರು ಬಂದ ಮೇಲೆ, ಸೈರನ್ ಕೂಗಿದ ರಾತ್ರಿ ಪಕ್ಕದ ಶೆಡ್ಡಿನ ಕೂಲಿಯವನಿಗೆ ಆ ಗೇಟು ತೆರೆಯುತ್ತದೆಯೇ?

ತಾನಾಗಿ ತೆರೆಯುವುದಿಲ್ಲ. ಲಂಡನ್ನಿನಲ್ಲೂ ತೆರೆಯಲಿಲ್ಲ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬುಗಳು ಮೊದಲು ಬಿದ್ದದ್ದು ಈಸ್ಟ್ ಎಂಡ್ ಎಂಬ ಕೂಲಿಕಾರರ ಭಾಗದ ಮೇಲೆ. ನೆಲದಡಿಯ ರೈಲು ನಿಲ್ದಾಣಗಳನ್ನು ಆಶ್ರಯಕ್ಕೆ ಬಳಸಬಾರದು ಎಂದು ಸರಕಾರ ಹೇಳಿತ್ತು. ಜನ ಟಿಕೆಟ್ ಕೊಂಡು ಇಳಿದವರು ಮೇಲೆ ಬರಲೇ ಇಲ್ಲ. ಸೆಪ್ಟೆಂಬರ್ 14ರ ರಾತ್ರಿ ಫಿಲ್ ಪಿರಾಟಿನ್ ಎಂಬ ಕಮ್ಯುನಿಸ್ಟ್ ಕೌನ್ಸಿಲರ್ ಎಪ್ಪತ್ತೆಂಬತ್ತು ಬಡವರನ್ನು, ಹೆಂಗಸರು ಮಕ್ಕಳ ಸಮೇತ, ಶ್ರೀಮಂತರ ಸವಾಯ್ ಹೋಟೆಲಿನ ಆಶ್ರಯತಾಣದೊಳಕ್ಕೆ ನುಗ್ಗಿಸಿದ. ಕೆಲವೇ ದಿನಗಳಲ್ಲಿ ಸರಕಾರ ನಿಲ್ದಾಣಗಳ ಮೇಲಿನ ನಿಷೇಧ ಬಿಟ್ಟುಕೊಟ್ಟಿತು. ಅದು ದಯೆಯಲ್ಲ, ಜನ ದಕ್ಕಿಸಿಕೊಂಡದ್ದು. ಚೌಡರ್ ಕೆರೆಯ ನೀರು ಮುಟ್ಟಿದ ನಮಗೆ ಇದು ಗೊತ್ತಿಲ್ಲದ ಪಾಠವೇ?

ಆದ್ದರಿಂದ ನಾವು ಕೇಳುತ್ತೇವೆ. ಕೂಲಿಕಾರರ ಶೆಡ್ಡುಗಳಿರುವ ಪ್ರತಿ ಕಡೆಯೂ ಅವರು ಹೋಗಬೇಕಾದ ಗಟ್ಟಿ ಕಟ್ಟಡ ಯಾವುದು ಎಂದು ಈಗಲೇ ಗೊತ್ತುಮಾಡಿ, ಬೋರ್ಡು ಹಾಕಿ. ಅಪಾಯದ ನಡುವೆ ಕೆಲಸ ಮಾಡುವ ಪೌರಕಾರ್ಮಿಕರಿಗೆ ಮೊದಲು ಆಶ್ರಯ ಕೊಡಿ, ಆಮೇಲೆ ‘ಅಗತ್ಯ’ ಅನ್ನಿ. ಹೆಣ ಎತ್ತುವ ಕೆಲಸಕ್ಕೆ ಎಲ್ಲ ಜಾತಿಯ ಕೈ ಬರಲಿ.

ಮಾಸ್ತರರೆ, ಆ ತಾಲೀಮಿನ ಆದೇಶದಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಡಬೇಕೆಂದೂ ಇತ್ತು. ನಾಳೆ ನಿಮ್ಮ ಶಾಲೆಗೂ ಬಂದೀತು. ಮಕ್ಕಳಿಗೆ ಬೆಂಚಿನಡಿ ಕೂರುವುದನ್ನು ಕಲಿಸಿ. ಜೊತೆಗೆ, ಬೆಂಚಿನಡಿ ಯಾರ ಪಕ್ಕ ಯಾರು ಕೂರಲು ಹಿಂಜರಿದರು ಅನ್ನುವುದನ್ನೂ ನೋಡಿ. ನಮ್ಮೊಳಗಿನ ಆ ಬಾಂಬನ್ನು ಯಾವ ಸೈರನ್ನೂ ಎಚ್ಚರಿಸುವುದಿಲ್ಲ.

ಆ ಮುದುಕಿಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ‘ಯವ್ವಾ, ನಿನ್ನ ಮಗ ತಾನು ಕಟ್ಟಿದ ಮನೀ ಒಳಗ ಹೋಗ್ತಾನಬೇ’ ಅಂತ ಎದೆ ಮುಟ್ಟಿ ಹೇಳುವ ದಿನವನ್ನು ತರಬೇಕಾದವರು ನಾವೇ.